ಎಳೆ ನಿಲ್ಲಿಸಿ ಮಾಡುವ ಹೆಚ್ಚುಮಣೆ

ಮಾಂಸದಂಗಡಿಗಳಲ್ಲಿ ಹುಣಸೆ ಮರದ ಕೊರಡು ಇಟ್ಟಿರುತ್ತಾರಲ್ಲ, ಅದನ್ನು ಒಮ್ಮೆ ಸರಿಯಾಗಿ ನೋಡಿ. ಅದು ಮಲಗಿಸಿದ ಹಲಗೆಯಲ್ಲ. ಕಾಂಡವನ್ನು ಅಡ್ಡಕ್ಕೆ ಕೊಯ್ದು ನಿಲ್ಲಿಸಿದ ತುಂಡು. ಕತ್ತಿ ಬೀಳುವುದು ಮರದ ಎಳೆಗಳ ತುದಿಯ ಮೇಲೆ. ವರ್ಷಗಟ್ಟಲೆ ಏಟು ತಿಂದರೂ ಅದರಿಂದ ಚಕ್ಕೆ ಏಳುವುದು ಕಮ್ಮಿ, ಕತ್ತಿಯ ಬಾಯಿಯೂ ಬೇಗ ಮೊಂಡಾಗುವುದಿಲ್ಲ. ಆನ್‌ಲೈನಿನಲ್ಲಿ ಎಂಡ್ ಗ್ರೇನ್ ಕಟಿಂಗ್ ಬೋರ್ಡ್ ಅಂತ ಸಾವಿರಾರು ರೂಪಾಯಿಗೆ ಸಿಗುವುದು ಇದರದ್ದೇ ನಾಜೂಕು ರೂಪ.

ಹಿಡಿಸೂಡಿಯನ್ನು (ತೆಂಗಿನ ಕಡ್ಡಿಯ ಪೊರಕೆ) ಕಡ್ಡಿಗಳ ತುದಿ ಮೇಲೆ ಬರುವ ಹಾಗೆ ಹಿಡಿದು ಕತ್ತಿ ಒತ್ತಿ ನೋಡಿ. ಕತ್ತಿ ಕಡ್ಡಿಗಳ ನಡುವೆ ಇಳಿಯುತ್ತದೆ, ತೆಗೆದರೆ ಕಡ್ಡಿಗಳು ಮತ್ತೆ ಕೂಡಿಕೊಳ್ಳುತ್ತವೆ. ಎಳೆ ನಿಂತಿರುವ ಮರದಲ್ಲಿ ಆಗುವುದೂ ಇದೇ. ಮಾಮೂಲಿ ಹಲಗೆಯಲ್ಲಾದರೆ ಎಳೆ ಮಲಗಿರುತ್ತದೆ, ಪ್ರತಿ ಏಟಿಗೂ ಅದು ತುಂಡಾಗುತ್ತದೆ.

ಹಾಗಾದರೆ ಸುಮ್ನೆ ಒಂದು ದಿಮ್ಮಿಯಿಂದ ಬಿಲ್ಲೆ ಕೊಯ್ದರೆ ಸಾಲದಾ? ಸಾಲದು, ಒಡೆಯುತ್ತದೆ. ಮರ ಒಣಗುವಾಗ ಉಂಗುರದ ಗುಂಟ ಕುಗ್ಗುವುದು, ತಿರುಳಿನಿಂದ ಹೊರಕ್ಕೆ ಕುಗ್ಗುವುದಕ್ಕಿಂತ ಹೆಚ್ಚು ಕಮ್ಮಿ ಎರಡು ಪಟ್ಟು. ಈ ಜಗ್ಗಾಟದಲ್ಲಿ ತೆಳ್ಳಗಿನ ಬಿಲ್ಲೆ ನಡುವಿನಿಂದ ಅಂಚಿನವರೆಗೆ ಸೀಳುತ್ತದೆ. ಅದಕ್ಕೇ ಮರವನ್ನು ಸಣ್ಣ ಸಣ್ಣ ಪಟ್ಟಿ ಮಾಡಿ, ಅಂಟಿಸಿ, ಅಡ್ಡಕ್ಕೆ ಕೊಯ್ದು, ತಿರುಗಿಸಿ, ಮತ್ತೆ ಅಂಟಿಸುವ ಈ ಎಲ್ಲ ರಾಮಾಯಣ.

ನಮ್ಮ ಅತ್ತೆಯವರಿಗೆ ಇದ್ಯಾವುದೂ ಬೇಡ. ಮೆಟ್ಟುಕತ್ತಿಯ (ಈಳಿಗೆಮಣೆಯ) ಮುಂದೆ ಕೂತರೆ ನೋಡನೋಡುತ್ತ ಗುಜ್ಜೆ (ಬಲಿಯದ ಹಲಸಿನಕಾಯಿ) ಹೋಳಾಗಿರುತ್ತದೆ. ನಿಂತು ಅಡಿಗೆ ಮಾಡುವ ನನ್ನಂಥವರಿಗೆ ಮಣೆ ಬೇಕು. ಕಾಸರಗೋಡಿನ ಬದಿಯಡ್ಕದ ಕಡೆಯ ನಮ್ಮ ತೋಟದ ಮನೆಯಲ್ಲಿ ಅಡಿಕೆ ಸುಲಿಯುವ ಕೊಟ್ಟಿಗೆಯ ಅರ್ಧ ಭಾಗ ಈಗ ನನ್ನ ಮರಗೆಲಸದ ಜಾಗ. ಅಲ್ಲಿ ಮಾಡುವ ಕ್ರಮವನ್ನೇ ಬರೆಯುತ್ತಿದ್ದೇನೆ.

ಯಾವ ಮರ

ನನ್ನ ಮೊದಲ ಆಯ್ಕೆ ಹಲಸು. ಚೆಂಡೆಯ ಕಳಸಿಗೆಗೆ (ಮರದ ಗೂಡಿಗೆ) ಬಳಸುವ ಮರ ಅದು. ಗಟ್ಟಿ ಇದೆ, ಆದರೆ ಕತ್ತಿಯನ್ನು ಹಾಳು ಮಾಡುವಷ್ಟು ಗಟ್ಟಿಯಲ್ಲ. ಕೊಯ್ದ ಕೂಡಲೇ ಅರಸಿನ ಬಣ್ಣ, ಬೆಳಕು ತಾಗಿದಂತೆ ಕೆಂಪು ಮಿಶ್ರಿತ ಕಂದು. ಮಾಡಿದ ವರ್ಷ ತೇಗದ ಪಕ್ಕ ಹಳದಿಯಾಗಿ ಎದ್ದು ಕಂಡ ಹಲಸು, ಮುಂದೆ ತೇಗದ ಬಣ್ಣಕ್ಕೇ ಹತ್ತಿರ ಬರುತ್ತದೆ. ಹಾಗಾಗಿ ಚದುರಂಗದ ಚೌಕಗಳ ವಿನ್ಯಾಸ ಶಾಶ್ವತವಾಗಿ ಎದ್ದು ಕಾಣಬೇಕು ಅಂತಿದ್ದರೆ ಹಲಸಿನ ಜೊತೆಗೆ ಕಪ್ಪು ಬಣ್ಣದ ಮರ ಬೇಕು. ಹಳೇ ಕುರ್ಚಿಯ ಮುರಿದ ಬೀಟೆ ಕಾಲು ಅಟ್ಟದಲ್ಲಿದ್ದರೆ ಬಿಸಾಡಬೇಡಿ.

ತೇಗವೂ ಆಗುತ್ತದೆ. ಅದರ ಎಣ್ಣೆಯ ಗುಣದಿಂದ ನೀರಿಗೆ ಜಗ್ಗುವುದಿಲ್ಲ, ಆದರೆ ಅದೇ ಎಣ್ಣೆ ಅಂಟಿಗೆ ಅಡ್ಡ ಬರುತ್ತದೆ. ಅದರಲ್ಲಿರುವ ಸಿಲಿಕಾದಿಂದ ಗರಗಸದ ಹಲ್ಲೂ ಬೇಗ ಸವೆಯುತ್ತದೆ. ಮಹಾಗನಿ ಸ್ವಲ್ಪ ಮೆದು, ಕೊಯ್ಯಲು ಸುಖ. ಹುಣಸೆ ಸಿಕ್ಕಿದರೆ ಪುಣ್ಯ, ಕೊಯ್ಯುವವರಿಗೆ ಮಾತ್ರ ಕಷ್ಟ.

ಬೇಡದ್ದರ ಪಟ್ಟಿ ಇನ್ನೂ ಮುಖ್ಯ. ಚೇರೆ ಮರದ ಸುದ್ದಿಗೇ ಹೋಗಬೇಡಿ, ಅದರ ಸೊನೆ ತಾಗಿ ಮೈ ಬೀಗಿದವರು ಪ್ರತಿ ಊರಲ್ಲೂ ಇದ್ದಾರೆ. ಗೇರು ಮರವೂ ಅದೇ ಕುಟುಂಬದ್ದು. ಕಾಸರ್ಕ ವಿಷ. ರಬ್ಬರ್ ಮರಕ್ಕೆ ಹುಳ ಬೀಳುವುದರಿಂದ ಮಿಲ್ಲಿನಲ್ಲಿ ಬೋರಾನ್ ಉಪ್ಪು ಹಾಕಿರುತ್ತಾರೆ. ಹಾಕದಿದ್ದರೆ ಹುಳ, ಹಾಕಿದರೆ ಔಷಧಿ, ಎರಡೂ ಅಡುಗೆಮನೆಗೆ ಬೇಡ. ತೆಂಗಿನ ಮರದಲ್ಲಿ ಆಗುತ್ತಾ ಅಂತ ಜಾಸ್ತಿ ಜನ ಕೇಳುತ್ತಾರೆ. ಹೊರಗಿನ ಗಟ್ಟಿ ಭಾಗದ ಚುಕ್ಕೆ ಚುಕ್ಕೆ ನೋಡಲು ಚಂದ, ಆದರೆ ಗಟ್ಟಿ ನಾರು ಒಂದು ಕಡೆ, ಅದರ ನಡುವಿನ ಮೆದು ತಿರುಳು ಇನ್ನೊಂದು ಕಡೆ. ಮೇಲ್ಮೈ ಸಮ ಸವೆಯುವುದಿಲ್ಲ.

ಹಳೇ ಮನೆ ಕೆಡವಿದಾಗ ಸಿಗುವ ಹಲಸಿನ ತೊಲೆಗೆ ಆಸೆಪಡುವುದು ಸಹಜ. ನೂರು ವರ್ಷ ಒಣಗಿದ ಮರ! ಆದರೆ ನಮ್ಮ ಕಡೆ ಗೆದ್ದಲು ಬಾರದಿರಲು ತೊಲೆಗೆ ಗೇರೆಣ್ಣೆ ಹಚ್ಚುವ ರೂಢಿ ಇತ್ತು. ಗೇರುಬೀಜದ ಸಿಪ್ಪೆಯ ಆ ಎಣ್ಣೆ ಚರ್ಮ ಸುಡುತ್ತದೆ. ಕಪ್ಪು ಲೇಪ ಇರುವ ತೊಲೆಯಾದರೆ ಅದರಿಂದ ಬೆಂಚು ಮಾಡಿ, ಮಣೆ ಬೇಡ.

ಒಣಗಿದೆಯಾ?

ಮಣೆ ಬಾಳುತ್ತದೋ ಸೀಳುತ್ತದೋ ಎನ್ನುವುದು ಇಲ್ಲೇ ತೀರ್ಮಾನ ಆಗುತ್ತದೆ. ಗರಗಸ, ಅಂಟು, ಎಣ್ಣೆ ಎಲ್ಲ ಆಮೇಲೆ.

ಮಿಲ್ಲಿನಲ್ಲಿ ಒಂದೂವರೆ ಇಂಚು ದಪ್ಪಕ್ಕೆ ಕೊಯ್ಸಿ ತಂದ ಹಸಿ ಹಲಗೆಯನ್ನು ನೆರಳಿನಲ್ಲಿ ಪೇರಿಸಿಡಿ. ಹಲಗೆ ಹಲಗೆಯ ನಡುವೆ ಒಂದೇ ದಪ್ಪದ ರೀಪು ಇರಲಿ, ಗಾಳಿ ಆಡಬೇಕು. ಎರಡೂ ತುದಿಗೆ ಹಳೇ ಪೇಂಟ್ ಅಥವಾ ಮೇಣ ಬಳಿಯಿರಿ. ಎಳೆಯ ತುದಿಯಿಂದ ನೀರು ಬೇಗ ಹೋಗುತ್ತದೆ, ಬಿಟ್ಟರೆ ತುದಿ ಒಡೆಯುತ್ತದೆ. ಇಂಚಿಗೆ ಒಂದು ವರ್ಷ ಎನ್ನುವ ಹಳೇ ಲೆಕ್ಕ ನಮ್ಮ ಹವೆಗೂ ಪರವಾಗಿಲ್ಲ. ಬೇಗ ಆಗಲಿ ಅಂತ ಅಡಿಕೆ ಒಣಗಿಸುವ ಪ್ಲಾಸ್ಟಿಕ್ ಗೂಡಿನಲ್ಲಿ ಇಡಬೇಡಿ. ಹೊರಮೈ ಮಾತ್ರ ಗಡಗಡ ಒಣಗಿ ಬಿಗಿಯುತ್ತದೆ, ಒಳಗೆ ಹಸಿ ಉಳಿಯುತ್ತದೆ, ಮೈ ತುಂಬ ಬಿರುಕು.

ತೇವದ ಮೀಟರ್ ಇದ್ದರೆ ಸುಲಭ. ಇಲ್ಲದಿದ್ದರೂ ನಡೆಯುತ್ತದೆ. ಹಲಗೆಯ ನಡುವಿನಿಂದ ಒಂದು ತುಂಡು ಕೊಯ್ದು, ಅಡುಗೆಮನೆಯ ಡಿಜಿಟಲ್ ತಕ್ಕಡಿಯಲ್ಲಿ ತೂಗಿ, ತೂಕವನ್ನು ಆ ತುಂಡಿನ ಮೇಲೇ ಪೆನ್ಸಿಲಿನಲ್ಲಿ ಬರೆಯಿರಿ. ಹಲಗೆಗಳ ಜೊತೆಗೇ ಇಟ್ಟು ವಾರಕ್ಕೊಮ್ಮೆ ತೂಗಿ. ತೂಕ ಇಳಿಯುವುದು ನಿಂತಿತು ಅಂದರೆ ಆ ತುಂಡು ಗಾಳಿಗೆ ಹೊಂದಿಕೊಂಡಿದೆ. ಹಲಗೆಗೆ ಅದಕ್ಕಿಂತ ಸ್ವಲ್ಪ ಜಾಸ್ತಿ ದಿನ ಬೇಕು.

ಹೊಂದಿಕೊಂಡದ್ದು ಯಾವ ಗಾಳಿಗೆ ಎನ್ನುವುದೂ ಮುಖ್ಯ ಅಲ್ವಾ? ಬೇಸಗೆಯಲ್ಲಿ ನನ್ನ ಮೀಟರ್ ಶೇಕಡಾ 12–13 ತೋರಿಸುವ ಅದೇ ಹಲಗೆ ಜುಲೈಯಲ್ಲಿ 16 ದಾಟುತ್ತದೆ. ಬೇಸಗೆಯಲ್ಲಿ ಅಂಟಿಸಿದ ಮಣೆ ಮಳೆಗಾಲದಲ್ಲಿ ಹಿಗ್ಗುತ್ತದೆ, ಸಂದು ಇನ್ನೂ ಬಿಗಿಯಾಗುತ್ತದೆ. ಮಳೆಗಾಲದಲ್ಲಿ ಅಂಟಿಸಿದ್ದು ಮಾರ್ಚಿಯಲ್ಲಿ ಕುಗ್ಗುತ್ತದೆ, ಸಂದು ಬಾಯಿ ಬಿಡುತ್ತದೆ. ಜನ ರಿಪೇರಿಗೆ ತರುವ ಮಣೆಗಳಲ್ಲಿ ಹೆಚ್ಚಿನವು ಈ ಎರಡನೇ ಜಾತಿ. ಅಂಟಿನ ಕೆಲಸ ಜನವರಿಯಿಂದ ಏಪ್ರಿಲ್ ಒಳಗೆ ಮುಗಿಸಿ. ಮೇ ಕೊನೆಯ ಹೊತ್ತಿಗೆ ಬರುವ ಪತ್ತನಾಜೆ ಕಳೆದ ಮೇಲೆ ಅಂಟಿನ ಬಾಟಲಿ ಮುಚ್ಚಿ, ಉಳಿ ಹರಿತ ಮಾಡುತ್ತ ಕೂತಿರಿ.

ಪಟ್ಟಿ, ಮೊದಲ ಅಂಟು

15 ಇಂಚು ಉದ್ದ, 10 ಇಂಚು ಅಗಲದ ಮಣೆಗೆ ಲೆಕ್ಕ ಹೇಳುತ್ತೇನೆ. ಹಲಗೆಯನ್ನು ಕೀಸಿ ಒಂದು ಕಾಲು ಇಂಚಿಗಿಂತ ತುಸು ಹೆಚ್ಚು ದಪ್ಪಕ್ಕೆ ತನ್ನಿ. ಅದರಿಂದ ಸರಿಯಾಗಿ ಒಂದು ಕಾಲು ಇಂಚು ಅಗಲದ 8 ಪಟ್ಟಿ ಸೀಳಿ. ಉದ್ದ 28 ಇಂಚು. ಚೌಕದ ವಿನ್ಯಾಸ ಬೇಕಿದ್ದರೆ 4 ಹಲಸು, 4 ತೇಗ. ಪಟ್ಟಿಗಳ ಸಂಖ್ಯೆ ಸಮವೇ ಇರಬೇಕು. 7 ಅಥವಾ 9 ಇಟ್ಟರೆ ಎರಡೂ ತುದಿಯಲ್ಲಿ ಒಂದೇ ಮರ ಬರುತ್ತದೆ, ಆಮೇಲೆ ಎಷ್ಟು ತಿರುಗಿಸಿದರೂ ಚೌಕ ಬದಲಾಗುವುದಿಲ್ಲ, ಬರೀ ಗೆರೆ ಉಳಿಯುತ್ತದೆ.

ಟೇಬಲ್ ಸಾ ಇದ್ದರೆ ಸೀಳಲು 24 ಹಲ್ಲಿನ ಬ್ಲೇಡ್, ಅಡ್ಡ ಕೊಯ್ಯಲು 60 ಹಲ್ಲಿನದ್ದು. ಇಲ್ಲದವರು ಸೀಳುವ ಕೆಲಸವನ್ನು ಮಿಲ್ಲಿನಲ್ಲೇ ಮಾಡಿಸಿ. ಗರಗಸದ ಮುಂದೆ ಚೂಡಿದಾರದ ಶಾಲು ಬೇಡ, ಬಳೆ ಬೇಡ, ಕೈಗವಸೂ ಬೇಡ. ಕೈಗವಸು ರಕ್ಷಣೆ ಅಂತ ತುಂಬ ಜನ ತಿಳಿದಿದ್ದಾರೆ, ತಿರುಗುವ ಬ್ಲೇಡಿಗೆ ಅದು ಸಿಕ್ಕಿದರೆ ಕೈಯನ್ನೂ ಎಳೆದುಕೊಳ್ಳುತ್ತದೆ. ಪಟ್ಟಿಯ ಕೊನೆಯ ಗೇಣನ್ನು ಬೆರಳಿನಿಂದ ದೂಡಬೇಡಿ, ದೂಡುವ ಕೋಲು ಇರಲಿ. ಮೂಗಿಗೆ ಮಾಸ್ಕ್ ಬೇಕೇ ಬೇಕು. ತೇಗದ ಹುಡಿ ಕೆಲವರಿಗೆ ಆಗುವುದೇ ಇಲ್ಲ.

ಬ್ಲೇಡ್ ನೆಟ್ಟಗೆ ನಿಂತಿದೆಯಾ ಅಂತ ನೋಡಲು ಮೂಲೆಮಟ್ಟಕ್ಕಿಂತ ಒಳ್ಳೆಯ ಉಪಾಯ ಒಂದಿದೆ. ಒಂದು ಗುಜರಿ ತುಂಡನ್ನು ನಿಲ್ಲಿಸಿ ಅಡ್ಡ ಕೊಯ್ಯಿರಿ. ಎರಡು ಭಾಗಗಳಲ್ಲಿ ಒಂದನ್ನು ಮಗುಚಿ, ಕೊಯ್ದ ಮುಖಗಳನ್ನು ಸಮ ಮೇಜಿನ ಮೇಲೆ ತಾಗಿಸಿ. ಬ್ಲೇಡ್ ಓರೆಯಿದ್ದರೆ ಸಂದು ತೆರೆದುಕೊಳ್ಳುತ್ತದೆ, ಅದೂ ನಿಜವಾದ ತಪ್ಪಿನ ಎರಡರಷ್ಟು. ಕಣ್ಣಿಗೆ ಕಾಣದ ಓರೆಯೂ ಇಲ್ಲಿ ಸಿಕ್ಕಿಬೀಳುತ್ತದೆ.

ಈಗ ಪಟ್ಟಿಗಳನ್ನು ಅಂಟಿಲ್ಲದೆ ಜೋಡಿಸಿ, ಕ್ಲಾಂಪನ್ನು ಕೈಯ ಬಲದಲ್ಲಷ್ಟೇ ಬಿಗಿಯಿರಿ. ಕೊಟ್ಟಿಗೆಯ ಬಾಗಿಲು ಮುಚ್ಚಿ ಹಿಂದಿನಿಂದ ಟಾರ್ಚ್ ಹಿಡಿಯಿರಿ. ಎಲ್ಲಾದರೂ ಕೂದಲೆಳೆ ಬೆಳಕು ಕಂಡರೆ ಆ ಪಟ್ಟಿ ಮತ್ತೆ ಕೀಸುಳಿಗೆ. ಕ್ಲಾಂಪಿನ ಬಲದಿಂದ ಸಂದು ಮುಚ್ಚಿಸಿದರೆ ಒಳಗೆ ಜಗ್ಗಾಟ ಉಳಿಯುತ್ತದೆ, ಮುಂದೊಂದು ದಿನ ಅಲ್ಲೇ ಬಿಡುತ್ತದೆ.

ಅಂಟಿನ ಬಗ್ಗೆ. ಮಾಮೂಲಿ ಬಿಳಿ ಫೆವಿಕಾಲ್ ನೀರಿಗೆ ನಿಲ್ಲುವುದಿಲ್ಲ, ಅದು ಪೀಠೋಪಕರಣಕ್ಕೆ. ಬಾಟಲಿಯ ಮೇಲೆ ವಾಟರ್‌ಪ್ರೂಫ್ ಅಥವಾ ಡಿ3, ಡಿ4 ಅಂತ ಇರುವುದನ್ನು ತನ್ನಿ. ನಾನು ಬಳಸುವುದು ಟೈಟ್‌ಬಾಂಡ್ 3. ರೇಟು ಜಾಸ್ತಿ, ಆದರೆ ಒಣಗಿದ ಮೇಲೆ ಆಹಾರಕ್ಕೆ ಪರೋಕ್ಷವಾಗಿ ತಾಗುವಲ್ಲಿ ಬಳಸಬಹುದು ಎಂಬ ಮಾನ್ಯತೆ ಅದಕ್ಕಿದೆ. ತೇಗವನ್ನು ಅಂಟಿಸುವ ದಿನವೇ ಕೀಸಿ, ಅಂಟು ಹಾಕುವ ಸ್ವಲ್ಪ ಮೊದಲು ಅಸಿಟೋನ್ ಅದ್ದಿದ ಬಟ್ಟೆಯಿಂದ ಒರೆಸಿ, ಅದು ಆರಿದ ಕೂಡಲೇ ಅಂಟು ಬಳಿಯಿರಿ. ನಮ್ಮ ಮಾರ್ಚಿಯ ಸೆಕೆಗೆ ಅಂಟು ಹತ್ತು ನಿಮಿಷದೊಳಗೆ ಬಿಗಿಯತೊಡಗುತ್ತದೆ. ಬೆಳಗ್ಗೆ ಬೇಗ ಮಾಡಿ, ಎಲ್ಲ ಸಾಮಾನು ಕೈಗೆ ಸಿಗುವಲ್ಲಿಟ್ಟುಕೊಂಡು ಶುರು ಮಾಡಿ. ಫೋನ್ ಬಂದರೆ ಬರಲಿ.

ಬಿಗಿ ಸಾಕೆಂದು ತಿಳಿಯುವುದು ಅಂಟು ಹೊರಗೆ ಬರುವ ರೀತಿಯಿಂದ. ಸಂದಿನ ಉದ್ದಕ್ಕೂ ಸಣ್ಣ ಹನಿಗಳು ಒತ್ತೊತ್ತಾಗಿ ಮೂಡಬೇಕು. ಧಾರೆಯಾಗಿ ಸುರಿದರೆ ಅಂಟು ಜಾಸ್ತಿ, ಒಂದೂ ಮೂಡದಿದ್ದರೆ ಅಂಟು ಕಮ್ಮಿ. ಪಟ್ಟಿಗಳು ಮೇಲೆ ಕೆಳಗೆ ಜಾರದಂತೆ ಅಡ್ಡಕ್ಕೆ ಎರಡು ನೇರ ರೀಪು ಕಟ್ಟಿ, ಅಂಟದಿರಲು ರೀಪಿಗೆ ಪ್ಯಾಕಿಂಗ್ ಟೇಪ್ ಸುತ್ತಿ. ಒಂದು ದಿನ ಮುಟ್ಟಬೇಡಿ.

ತಿರುಗಿಸಿ, ಎರಡನೇ ಅಂಟು

ಈಗ ಸಿಕ್ಕಿರುವುದು 10 ಇಂಚು ಅಗಲದ ಒಂದು ಹಲಗೆ. ಇದರ ಎರಡೂ ಮುಖವನ್ನು ಸಮ ಕೀಸಿ ಸರಿಯಾಗಿ ಒಂದು ಕಾಲು ಇಂಚು ದಪ್ಪಕ್ಕೆ ತನ್ನಿ. ಈ ಹಂತದಲ್ಲಿ ಸೋಮಾರಿತನ ಮಾಡಿದರೆ ಕೆಟ್ಟಿತು. ಯಾಕೆಂದರೆ ಮುಂದೆ ಒಂದಕ್ಕೊಂದು ಅಂಟುವುದು ಈ ಮುಖಗಳೇ. ಗರಗಸದಿಂದ ಕೊಯ್ದ ಮುಖ ಮಣೆಯ ಮೇಲ್ಭಾಗ ಆಗುತ್ತದೆ, ಅಲ್ಲಿ ಗೆರೆ ಬಿದ್ದರೆ ಉಜ್ಜಿ ತೆಗೆಯಬಹುದು. ಹಲಗೆಯ ನಡು ಅಂಚಿಗಿಂತ ಅರ್ಧ ಮಿಲಿಮೀಟರ್ ದಪ್ಪ ಇದ್ದರೆ ಹನ್ನೆರಡು ತುಂಡು ಸೇರುವಾಗ ಅದು 6 ಮಿಲಿಮೀಟರ್ ಆಗುತ್ತದೆ. ಥಿಕ್‌ನೆಸ್ ಪ್ಲೇನರ್ ಇರುವವರು ಈಗಲೇ ಬಳಸಿಬಿಡಿ, ಎಳೆ ಇನ್ನೂ ಮಲಗಿದೆ. ಇಲ್ಲದವರು ಪ್ಲೇನಿಂಗ್ ಇರುವ ಮಿಲ್ಲಿಗೆ ಒಯ್ದರೆ ಹತ್ತು ನಿಮಿಷದ ಕೆಲಸ.

ಒಂದು ತುದಿಯನ್ನು ಮೂಲೆಮಟ್ಟಕ್ಕೆ ಕೊಯ್ದು, ಅಲ್ಲಿಂದ ಒಂದು ಮುಕ್ಕಾಲು ಇಂಚಿನ 12 ತುಂಡು ಅಡ್ಡಕ್ಕೆ ಕೊಯ್ಯಿರಿ. ತುಂಡುಗಳಿಗೇ 21 ಇಂಚು, ಬ್ಲೇಡ್ ತಿನ್ನುವುದಕ್ಕೆ ಇನ್ನೊಂದೂವರೆ. 28 ಇಂಚು ಇಟ್ಟದ್ದು ತುದಿಗಳು ಹಾಳಾದರೂ ಸಾಲಲಿ ಅಂತ. ಪ್ರತಿ ತುಂಡನ್ನೂ ಅದರ ಉದ್ದದ ಅಕ್ಷದ ಮೇಲೆ ಕಾಲು ಸುತ್ತು ಉರುಳಿಸಿ. ಎಳೆಯ ತುದಿ ಆಕಾಶ ನೋಡುತ್ತದೆ. ಒಂದು ಬಿಟ್ಟು ಒಂದು ತುಂಡನ್ನು ತುದಿ ಬದಲಿಸಿ ಇಡಿ, ಚೌಕ ತಾನಾಗಿ ಮೂಡುತ್ತದೆ.

ಮತ್ತೆ ಟಾರ್ಚ್, ಮತ್ತೆ ಅಂಟು, ಮತ್ತೆ ಕ್ಲಾಂಪ್. ಈ ಸಲ 11 ಸಂದು, ಕೈ ಚುರುಕಾಗಿರಬೇಕು. ಕಷ್ಟ ಅನ್ನಿಸಿದರೆ ಆರು ಆರಾಗಿ ಎರಡು ಭಾಗ ಅಂಟಿಸಿ, ಮರುದಿನ ಎರಡನ್ನೂ ಸೇರಿಸಿ. ಯಾರೂ ಕೇಳುವುದಿಲ್ಲ.

ಮಣೆಯ ಸುತ್ತ ಚೌಕಟ್ಟು ಹಾಕಿದರೆ ಚಂದ ಅಂತ ಕೆಲವರಿಗೆ ಅನ್ನಿಸುತ್ತದೆ. ಹಾಕಬೇಡಿ. ಎಳೆ ನಿಂತಿರುವುದರಿಂದ ಮಣೆ ಉದ್ದಕ್ಕೂ ಅಗಲಕ್ಕೂ ಹಿಗ್ಗುತ್ತದೆ, 10 ಇಂಚಿಗೆ ಒಂದೆರಡು ಮಿಲಿಮೀಟರ್. ಚೌಕಟ್ಟಿನ ಮರ ಉದ್ದಕ್ಕೆ ಹಿಗ್ಗುವುದೇ ಇಲ್ಲ ಎನ್ನಬಹುದು. ಮೊದಲ ಮಳೆಗಾಲದಲ್ಲೇ ಯಾವುದಾದರೂ ಒಂದು ಸೋಲುತ್ತದೆ.

ಸಮ ಮಾಡುವುದು

ಇಲ್ಲಿಂದ ಮುಂದೆ ಪ್ಲೇನರ್ ಮೆಶಿನ್ನಿಗೆ ಹಾಕಬೇಡಿ. ನಿಂತ ಎಳೆಯನ್ನು ಅದು ಕಿತ್ತು ಎಸೆಯುತ್ತದೆ, ಕೆಲವು ಸಲ ಮಣೆಯನ್ನೇ ಸೀಳುತ್ತದೆ. ರೌಟರ್ (ತಿರುಗುವ ಬಿಟ್ಟಿನಿಂದ ಮರ ಕೆರೆಯುವ ಮೆಶಿನ್) ಇದ್ದರೆ ಎರಡು ಬದಿಗೆ ಸಮ ಎತ್ತರದ ರೀಪು ನಿಲ್ಲಿಸಿ, ಅದರ ಮೇಲೆ ಜಾರುವ ಪ್ಲೈವುಡ್ ಹಲಗೆಗೆ ರೌಟರ್ ಕೂರಿಸಿ. ಒಂದು ಸಲಕ್ಕೆ ಒಂದು ಮಿಲಿಮೀಟರ್‌ಗಿಂತ ಹೆಚ್ಚು ತೆಗೆಯಬೇಡಿ. ಅಂಚಿನಲ್ಲಿ ಬಿಟ್ ಹೊರಗೆ ಹೋಗುವಾಗ ಮರ ಚಕ್ಕೆ ಏಳುತ್ತದೆ, ಅದಕ್ಕೆ ಮೊದಲೇ ನಾಲ್ಕೂ ಅಂಚನ್ನು ಸ್ವಲ್ಪ ಓರೆ ಕೀಸಿಡಿ. ರೌಟರ್ ಇಲ್ಲದಿದ್ದರೆ ಹರಿತವಾದ ಕೈ ಕೀಸುಳಿ, ಹೊರಗಿನಿಂದ ನಡುವಿಗೆ. ನೀರು ಒರೆಸಿದರೆ ಎಳೆ ಮೆದುವಾಗಿ ಕೀಸಲು ಸುಲಭ. ಬೆವರು ಇಳಿಯುತ್ತದೆ, ಆದರೆ ಆಗುತ್ತದೆ.

ಆಮೇಲೆ ಸ್ಯಾಂಡ್‌ಪೇಪರ್: 60, 80, 120, 180, 220. ಇದು ಬೇಜಾರಿನ ಕೆಲಸ, ಮುಚ್ಚುಮರೆ ಬೇಡ. ಪ್ರತಿ ನಂಬರ್ ಶುರು ಮಾಡುವಾಗ ಮಣೆ ತುಂಬ ಪೆನ್ಸಿಲಿನಲ್ಲಿ ಗೀಚಿ, ಗೀಚಿದ್ದು ಪೂರ್ತಿ ಹೋದ ಮೇಲೆ ಮುಂದಿನ ನಂಬರ್. 60ರ ಗೆರೆ ಉಳಿಸಿಕೊಂಡು 220ಕ್ಕೆ ಹೋದರೆ ಎಣ್ಣೆ ಹಾಕಿದ ಕ್ಷಣ ಎಲ್ಲ ಬಯಲು. 180 ಆದ ಮೇಲೆ ಒದ್ದೆ ಬಟ್ಟೆಯಲ್ಲಿ ಒರೆಸಿ ಒಣಗಿಸಿ. ಎದ್ದ ನವಿರನ್ನು 220ರಿಂದ ಹಗುರಾಗಿ ಉಜ್ಜಿ ತೆಗೆಯಿರಿ.

ಈ ಅಳತೆಯ ಮಣೆ ಎರಡೂವರೆ ಕಿಲೋ ಆಸುಪಾಸು ತೂಗುತ್ತದೆ. ಎತ್ತಲು ಎರಡು ಬದಿಯಲ್ಲಿ ಬೆರಳು ಹೋಗುವಷ್ಟು ಕಚ್ಚು ತೆಗೆದರೆ ಒಳ್ಳೆಯದು. ಮಣೆಯ ಕೆಳಭಾಗಕ್ಕೆ ನಾಲ್ಕು ರಬ್ಬರ್ ಕಾಲು, ಸ್ಟೇನ್‌ಲೆಸ್ ಸ್ಕ್ರೂ. ಗಾಳಿ ಕೆಳಗೂ ಆಡಬೇಕು.

ಎಣ್ಣೆ, ಮತ್ತೆ ದಿನದ ಬಳಕೆ

1916ರಿಂದಲೇ ತೆಂಗಿನ ಸಂಶೋಧನಾ ಕೇಂದ್ರ ಇರುವ ಕಾಸರಗೋಡಿನಲ್ಲಿ ಕೂತು ತೆಂಗಿನೆಣ್ಣೆ ಬೇಡ ಎನ್ನಲು ಸ್ವಲ್ಪ ಧೈರ್ಯ ಬೇಕು. ಆದರೂ ಬೇಡ. ಎಳೆಯೊಳಗೆ ಆಳಕ್ಕೆ ಇಳಿದ ತೆಂಗಿನೆಣ್ಣೆ ಕ್ರಮೇಣ ಕಮಟು ವಾಸನೆ ಕೊಡುತ್ತದೆ. ಕಡಲೆ, ಸೂರ್ಯಕಾಂತಿ ಎಣ್ಣೆಗಳೂ ಕಮಟುತ್ತವೆ, ಮೇಲಿಂದ ಜಿಗುಟು. ಪೇಂಟ್ ಅಂಗಡಿಯ ಬೇಯಿಸಿದ ಅಗಸೆ ಎಣ್ಣೆಗೆ ಲೋಹದ ಲವಣ ಸೇರಿಸಿರುತ್ತಾರೆ, ಅದೂ ಬೇಡ. ಮೆಡಿಕಲ್ ಶಾಪಿನಲ್ಲಿ ಲಿಕ್ವಿಡ್ ಪ್ಯಾರಾಫಿನ್ ಕೇಳಿ, ಐ.ಪಿ. (ಔಷಧಿ ದರ್ಜೆಯ ಗುರುತು) ಅಂತ ಬರೆದಿರಬೇಕು. ಹೌದು, ಮಲಬದ್ಧತೆಗೆ ಕೊಡುವ ಅದೇ. ಅದಕ್ಕೇ ಧೈರ್ಯವಾಗಿ ಹೇಳುತ್ತಿದ್ದೇನೆ.

ಮೊದಲ ಸಲ ಧಾರಾಳ ಸುರಿಯಿರಿ. ಮಣೆ ಕುಡಿಯುತ್ತಲೇ ಇರುತ್ತದೆ. ಕೆಲವು ಸಲ ಮೇಲೆ ಹಾಕಿದ ಎಣ್ಣೆ ಕೆಳಮುಖದಲ್ಲಿ ಚುಕ್ಕೆಯಾಗಿ ಕಾಣುತ್ತದೆ, ಎಳೆ ಕೊಳವೆ ಅನ್ನುವುದಕ್ಕೆ ಬೇರೆ ಸಾಕ್ಷಿ ಬೇಡ. ಹೀರುವುದು ನಿಂತ ಮೇಲೆ ಒರೆಸಿ ಒಂದು ರಾತ್ರಿ ಬಿಡಿ. ಆಮೇಲೆ ಮೇಣ. ಒಂದು ಭಾಗ ಜೇನುಮೇಣಕ್ಕೆ ನಾಲ್ಕು ಭಾಗ ಅದೇ ಎಣ್ಣೆ, ತೂಕದ ಲೆಕ್ಕ. ಬಿಸಿನೀರಿನ ಪಾತ್ರೆಯೊಳಗೆ ಇನ್ನೊಂದು ಪಾತ್ರೆ ಇಟ್ಟು ಕರಗಿಸಿ. ಮೇಣ 62–64 ಡಿಗ್ರಿಗೆ ಕರಗುತ್ತದೆ, ನೇರ ಬೆಂಕಿಗೆ ಇಡಬೇಡಿ. ತುಡುವೆ ಜೇನು ಸಾಕುವವರು ಪಕ್ಕದಲ್ಲಿದ್ದರೆ ಹಳೇ ಎರಿಯಿಂದ ಮೇಣ ಸಿಗುತ್ತದೆ. ಬಟ್ಟೆಯಲ್ಲಿ ಸೋಸಿಕೊಳ್ಳಿ.

ಮರದ ಮಣೆ ಗಲೀಜು, ಪ್ಲಾಸ್ಟಿಕ್ ಶುಚಿ ಎನ್ನುವ ವಾದ ನಮ್ಮ ಮನೆಗೂ ಬಂದಿತ್ತು. ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದಲ್ಲಿ ಆಹಾರ ಸೂಕ್ಷ್ಮಜೀವಿ ವಿಜ್ಞಾನಿ ಡೀನ್ ಕ್ಲೈವರ್ ಮತ್ತು ಸಂಗಡಿಗರು 1990ರ ದಶಕದಲ್ಲಿ ಇದನ್ನು ಪರೀಕ್ಷೆ ಮಾಡಿದ್ದರು. ಮರದ ಮೇಲ್ಮೈಯಲ್ಲಿ ಬ್ಯಾಕ್ಟೀರಿಯಾ ಹೆಚ್ಚಾಗಿ ಉಳಿಯಲಿಲ್ಲ, ಕತ್ತಿಯ ಗೀರು ಬಿದ್ದ ಪ್ಲಾಸ್ಟಿಕನ್ನು ತೊಳೆದು ಶುಚಿ ಮಾಡುವುದೇ ಕಷ್ಟವಾಯಿತು. ಹಾಗಂತ ಮೀನಿಗೂ ಸೌತೆಕಾಯಿಗೂ ಒಂದೇ ಮಣೆ ಬಳಸಬೇಡಿ.

ತೊಳೆಯುವಾಗ ಎರಡೂ ಮುಖ ಒದ್ದೆ ಮಾಡಿ, ಒಂದೇ ಮುಖ ಒದ್ದೆಯಾದರೆ ಮಣೆ ಬಾಗುತ್ತದೆ. ಸಿಂಕಿನಲ್ಲಿ ಮುಳುಗಿಸಿ ಬಿಡಬೇಡಿ. ಒರೆಸಿ ಅಂಚಿನ ಮೇಲೆ ನಿಲ್ಲಿಸಿ. ಗುಜ್ಜೆ ಕೊಚ್ಚುವ ಮೊದಲು ಮಣೆಗೂ ಕತ್ತಿಗೂ ತೆಂಗಿನೆಣ್ಣೆ ಸವರಿದರೆ ಹಲಸಿನ ಸೊನೆ ಅಂಟಿ ಹಿಡಿಯುವುದಿಲ್ಲ. ಕೆಲಸ ಮುಗಿದ ಕೂಡಲೇ ಸೋಪಿನಲ್ಲಿ ತೊಳೆದರೆ ಆ ಎಣ್ಣೆ ಒಳಗೆ ಇಳಿಯುವಷ್ಟು ಹೊತ್ತು ಇರುವುದಿಲ್ಲ. ಕಬ್ಬಿಣದ ಕತ್ತಿಯನ್ನು ಒದ್ದೆ ಮಣೆಯ ಮೇಲೆ ಮರೆತರೆ ಮರದ ಒಗರಿಗೆ ಕಬ್ಬಿಣ ಸೇರಿ ಕಪ್ಪು ಕಲೆ ಕೂರುತ್ತದೆ. ಲಿಂಬೆ ಮತ್ತು ಕಲ್ಲುಪ್ಪಿನಿಂದ ಉಜ್ಜಿ, ಸ್ವಲ್ಪ ಹೋಗುತ್ತದೆ.

ಮಳೆಗಾಲದಲ್ಲಿ ಬೂಷ್ಟು ಬರುವುದು ಮಣೆಯನ್ನು ಗೋಡೆಗೆ ಒತ್ತಿ ಇಟ್ಟಾಗ. ಒಲೆಯ ಹತ್ತಿರದ ಒಣ ಜಾಗದಲ್ಲಿ, ಎರಡೂ ಬದಿಗೆ ಗಾಳಿ ಬರುವಂತೆ ಇಡಿ. ಮೇ ಕೊನೆಗೆ ಒಮ್ಮೆ ಎಣ್ಣೆ ಮತ್ತು ಮೇಣ ಹಾಕಿಬಿಟ್ಟರೆ ಸೆಪ್ಟೆಂಬರ್ ತನಕ ಚಿಂತೆ ಕಮ್ಮಿ. ಮೇಲೆ ನೀರು ಚಿಮುಕಿಸಿದಾಗ ಹನಿ ನಿಲ್ಲದೆ ಇಂಗಿದರೆ ನಡುವೆಯೂ ಒಮ್ಮೆ ಹಚ್ಚಿ. ನಾಲ್ಕೈದು ವರ್ಷಕ್ಕೆ ನಡು ತಗ್ಗಾದರೆ ಅದೇ ರೌಟರ್ ಹಲಗೆ ಹೊರಗೆ ತೆಗೆದು ಒಂದು ಮಿಲಿಮೀಟರ್ ಕೀಸಿ, 80ರಿಂದ ಮತ್ತೆ ಶುರು ಮಾಡಿ. ಒಂದೂವರೆ ಇಂಚು ದಪ್ಪದ ಮಣೆಗೆ ಇದನ್ನು ಎಷ್ಟೋ ಸಲ ಮಾಡಬಹುದು.